ಮಜ್ಜಿಗೆಗೆ ಮುಂಚೆ ಎದ್ದವನು

ಅಮೆರಿಕದ ಫ್ಯಾಕ್ಟೋರಿಯಾ ಬಡಾವಣೆಯ ಆಫೀಸಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಮೈಸೂರಿನ ಹಿರಿಯರೊಬ್ಬರು ಚಳಿಗಾಲವಿಡೀ ನನ್ನನ್ನು ಕಾಲೇಜು ಬ್ಯಾಸ್ಕೆಟ್‌ಬಾಲ್ ನೋಡಲು ಎಳೆದೊಯ್ಯುತ್ತಿದ್ದರು. ಆ ವರ್ಷ ನಾವು ಬೆಂಬಲಿಸುತ್ತಿದ್ದ ತಂಡ ಸೋಲುತ್ತಲೇ ಇತ್ತು. ಕೋಚ್‌ನನ್ನು ಕಿತ್ತುಹಾಕಬೇಕೆಂದು ಊಟದ ಟೇಬಲ್ಲಿನಲ್ಲಿ ನಾವೆಲ್ಲ ವಾದಿಸುವಾಗ ಅವರು ಮೊಸರನ್ನದ ಡಬ್ಬಿ ತೆರೆಯುತ್ತ, "ಮಜ್ಜಿಗೆ ಬಡಿಸೋಕ್ ಮುಂಚೆ ಎಲೆ ಬಿಟ್ಟು ಏಳ್ಬಾರ್ದು ಕಣ್ರೀ. ಇನ್ನೊಂದ್ ಸೀಸನ್ ನೋಡೋಣ," ಎನ್ನುತ್ತಿದ್ದರು.

ಕೊನೆಯ ಪಂದ್ಯದಲ್ಲೂ ಆಟ ಮುಗಿಯುವ ಮೊದಲೇ ಸೋಲು ಖಾತ್ರಿಯಾಯಿತು. ಜನ ಕೋಚ್‌ಗೆ ಕೂಗಿ ಬೈದು ಎದ್ದು ಹೊರಟರು. "ಟ್ರಾಫಿಕ್ಕಲ್ಲಿ ಸಿಕ್ಕಾಕೊಳ್ತೀವಿ, ಬನ್ನಿ ಸಾರ್," ಎಂದೆ. ಅವರು ಕದಲಲಿಲ್ಲ. ನಾನು ಸಿಟ್ಟಿನಿಂದ ಹೋಗಿ ಕಾರಿನಲ್ಲಿ ಹೀಟರ್ ಹಾಕಿಕೊಂಡು ಕೂತೆ. ಆಟ ಮುಗಿದ ಮೇಲೆ ಬಂದ ಅವರ ಅಂಗೈ ಕೆಂಪಾಗಿತ್ತು. "ಒಬ್ನೇ ನಿಂತು ಚಪ್ಪಾಳೆ ತಟ್ಟಿದೆ. ಕೋಚ್ ತಿರುಗಿ ನೋಡಿ ಕೈ ಎತ್ತಿದ ಕಣ್ರೀ!"

ಮರುವಾರ ಕೋಚ್‌ನನ್ನು ತೆಗೆದರು. ಬೇಸಿಗೆಯಲ್ಲಿ ಇವರೂ ಕೆಲಸ ಬದಲಿಸಿ ಬೇರೆ ಊರಿಗೆ ಹೋದರು.

ಹೊಸ ಕೋಚ್‌ನ ತಂಡ ಈಗ ಗೆಲ್ಲುತ್ತಿದೆ. ಗೆದ್ದರೂ ಜನ ಟ್ರಾಫಿಕ್ಕಿಗೆ ಹೆದರಿ ಮುಂಚೆಯೇ ಏಳುತ್ತಾರೆ. ನಾನು ಮಾತ್ರ ಪಕ್ಕದ ಸೀಟಿನ ಮೇಲೆ ನನ್ನ ಕೋಟು ಇಟ್ಟುಕೊಂಡು ಕೊನೆಯವರೆಗೂ ಕೂತಿರುತ್ತೇನೆ. ಅಂದು ಕೂರಬೇಕಿದ್ದದ್ದು ಹತ್ತೇ ನಿಮಿಷ.