ಹಣೆಯ ಮೇಲಿನ ಲಾಳಿಗಾಯ

ಕುಂಕುಮದ ಪಕ್ಕದಲ್ಲೇ ಒಂದು ಗುಳಿ. ಬೆರಳ ತುದಿ ಕೂತುಕೊಳ್ಳುವಷ್ಟು ಆಳ. ನಮ್ಮ ಫಿಜಿಕ್ಸ್ ಮೇಡಂ ಹಣೆಯ ಮೇಲೆ ಅದೇನೆಂದು ಬನಹಟ್ಟಿಯಲ್ಲಿ ಯಾರೂ ಕೇಳಲಿಲ್ಲ. ನೇಕಾರರ ಊರು, ಓಡುವ ಪವರ್‌ಲೂಮಿನಿಂದ ನೂಲು ಹಾಯಿಸುವ ಲಾಳಿ ಸಿಡಿದು ಹಣೆ ಒಡೆದುಕೊಂಡವರು ಓಣಿಗೊಬ್ಬರಿದ್ದಾರೆ. ಮೇಡಂ ಗಂಡನಿಗೂ ಮಗ್ಗಗಳಿದ್ದವು. ಲಾಳಿ ಬಡಿದಿರಬೇಕು ಅಂತ ನಾವೇ ತೀರ್ಮಾನಿಸಿ ಮುಗಿಸಿದ್ದೆವು.

ಪಾಠಕ್ಕೆ ನಿಂತರೆ ಡಸ್ಟರ್ ಟೇಬಲ್ಲಿಗೆ ಬಡಿದು ಹಿಂದಿನ ಬೆಂಚಿನ ನಿದ್ದೆ ಹಾರಿಸುತ್ತಿದ್ದರು. "ಆಕಾಶ ಅಂದ್ರ ಶಾಂತ ಅಂತ ತಿಳಿದೀರೇನು? ಅಲ್ಲೂ ಹೊಡದಾಟ ಐತಿ!" ಎರಡು ಗೆಲಾಕ್ಸಿ ಢಿಕ್ಕಿ ಹೊಡೆದಾಗ ಗ್ಯಾಸು ನಡುವಿನ ಕಪ್ಪುಕುಳಿಗೆ ಬೀಳುತ್ತದಂತೆ. ಕುಳಿ ಗಬಗಬ ತಿಂದು ಬೆಳೆಯುತ್ತದೆ, ಸುತ್ತ ನಕ್ಷತ್ರಗಳೂ ಹುಟ್ಟುತ್ತವೆ. ಎರಡೂ ಕೂಡಿಯೇ ದೊಡ್ಡವಾಗುತ್ತವೆ. ಆಮೇಲೆ ಕುಳಿಯ ಸುತ್ತ ಕಾದ ಬಿರುಗಾಳಿ ಎದ್ದು, ಉಳಿದ ಗ್ಯಾಸನ್ನು ಗೆಲಾಕ್ಸಿಯಿಂದಲೇ ಹೊರಗೆ ದಬ್ಬುತ್ತದೆ. "ಅಲ್ಲಿಂದ ಹೊಸಾ ಚಿಕ್ಕಿ ಹುಟ್ಟೂದು ಬಂದ್!"

ನನ್ನ ಬಾಯಿ ಸುಮ್ಮನಿರಬೇಕಲ್ಲ! "ಮಗ್ಗದಾಗಿಂದ ಲಾಳಿ ಸಿಡದಂಗ ಏನ್ರೀ ಮೇಡಂ? ನಿಮಗ ಬಡದೈತೆಲ್ರಿ, ಹಂಗ?"

ಅವರ ಕೈ ಹಣೆಗೆ ಹೋಯಿತು. "ಲಾಳಿ ತಾನ ಸಿಡೀಲಿಲ್ಲವ್ವಾ. ನಮ್ಮ ಮನಿಯವ್ರು ಒಗದ್ರು."

ಅಯ್ಯೋ, ಎಸೆದದ್ದು ಗಂಡ, ಇಷ್ಟು ವರ್ಷ ನಾವು ಮಗ್ಗವನ್ನು ಬೈದಿದ್ದೆವು!

ಮಾತು ಸಂಜೆಯೊಳಗೆ ಪಕ್ಕದ ರಬಕವಿ ಮುಟ್ಟಿತು. ಮರುದಿನ ಗಂಡ ಕ್ಲಾಸಿಗೇ ನುಗ್ಗಿದ. "ಊರಾಗ ನನ್ನ ಮಾನಾ ಕಳೀತಿ?" ಎಂದು ಜಡೆ ಹಿಡಿದು ಅವರ ತಲೆಯನ್ನು ಬೋರ್ಡಿಗೆ ಅಪ್ಪಳಿಸಿದ. ಸುಣ್ಣದ ಕಡ್ಡಿಯ ಗೆರೆಗಳ ಮೇಲೆ ರಕ್ತ ಇಳಿಯಿತು. ನಾವು ಬೆಂಚು ಹಾರಿ ಅವನ ಮೇಲೆ ಬಿದ್ದೆವು. ಅಂಗಿ ಹರಿಯಿತು, ಹಲ್ಲು ಉದುರಿತು. ಸುಳ್ಳು ಯಾಕೆ, ಹೊಡೆದದ್ದಕ್ಕೆ ನನಗೆ ಇವತ್ತಿಗೂ ಖುಷಿಯಿದೆ. "ಬಿಡ್ರಿ, ಸತ್ತಗಿತ್ತಾನು" ಎಂದು ಬಿಡಿಸಿದವರೂ ಮೇಡಮ್ಮೇ.

"ನಾ ಇನ್ನ ಆ ಮನಿಗೆ ಬರಂಗಿಲ್ಲ" ಅಂದರು ಅವನಿಗೆ. ಸೆರಗಿನಿಂದ ರಕ್ತ ಒತ್ತಿ ಹಿಡಿದು ನಮ್ಮ ಕಡೆ ತಿರುಗಿದರು. "ನಿನ್ನಿ ಒಂದು ಹೇಳೂದು ಉಳಿದಿತ್ತು. ಎಲ್ಲಾ ಹೊರಗ ದಬ್ಬಿದ ಮ್ಯಾಲೆ ಕುಳಿಗೂ ಉಪವಾಸನ."

ಜಮಖಂಡಿಯಲ್ಲಿ ಬಾಡಿಗೆ ಕೋಣೆ ಹಿಡಿದು, ದಿನಾ ಬಸ್ಸಿನಲ್ಲಿ ಬಂದು ಪಾಠ ಮಾಡಿದರು.

ಮುಂದೆ ನನ್ನ ಮದುವೆಯಾಗಿ, ಮುಧೋಳದ ಗಂಡನ ಮನೆಯಲ್ಲಿ ಮೊದಲ ಏಟು ಬಿದ್ದಾಗ, "ಬಾಗಲಾ ಬಡೀತು ಅನ್ನು" ಅಂದರು ಅತ್ತೆ. ನಾನು ಬಾತ ಕೆನ್ನೆ ಹಿಡಿದುಕೊಂಡೇ ಜಮಖಂಡಿ ಬಸ್ಸು ಹತ್ತಿದೆ. ಮೇಡಂ ಬಾಗಿಲು ತೆರೆದು ಒಳಗೆ ಕರೆದರು. ತಾಟು ತಂದಿಟ್ಟು ರೊಟ್ಟಿ ಹಾಕಿದರು. ಮತ್ತೆ ನಾನು ಮುಧೋಳಕ್ಕೆ ಹೋಗಲಿಲ್ಲ.

ಹೋದ ವರ್ಷ ಅವರು ತೀರಿಕೊಂಡರು. ಹಣೆ ಒರೆಸಿ ಕುಂಕುಮ ಹಚ್ಚಿದವಳು ನಾನೇ. ಗಂಡನ ಕಡೆಯ ಮುದುಕಿಯೊಬ್ಬಳು ಗುಳಿ ನೋಡಿ, "ಪಾಪ, ಲಾಳಿ ಸಿಡದಿತ್ತು" ಅಂತ ಲೊಚಗುಟ್ಟಿದಳು.

"ಇಲ್ಲ ಬೇ ಆಯಿ," ಅಂದೆ, ಅಂಗಳದವರಿಗೂ ಕೇಳುವ ಹಾಗೆ. "ಗಂಡ ಒಗದಿದ್ದ."