ವಾಲ್ಟರನಿಗೆ ಮಣ್ಣು ಹೊದಿಸುವುದು

ಆಗಸ್ಟ್ ಅರ್ಧ ಕಳೆಯುತ್ತಲೇ ಗುಲಾಬಿ ಗಿಡಗಳಿಗೆ ಗೊಬ್ಬರ ನಿಲ್ಲಿಸಿಬಿಡಬೇಕೆಂಬುದು ನಮ್ಮ ಚಿಕಾಗೋ ಸೀಮೆಯ ತೋಟಗಾರಿಕೆಯ ಮೊದಲ ಪಾಠ. ಮೈತುಂಬ ಹೂಬಿಟ್ಟು ನಿಂತಿರುವ ಗಿಡದ ಮುಂದಿನಿಂದ ಊಟದ ಎಲೆ ಎಳೆದುಕೊಂಡಂತೆ ಇದು. ಬೇಡವೆಂದು ಅಡ್ಡ ಹಿಡಿದ ಕೈಯನ್ನು ಸರಿಸಿ ಇನ್ನೊಂದು ಸೌಟು ಸಾರು ಬಿಡುವ ಮೈಸೂರಿನ ಮನೆಯಲ್ಲಿ ಬೆಳೆದ ನನಗೆ, ಪ್ರೀತಿಯಿಂದಲೇ ಉಪವಾಸ ಕೆಡಹುವ ಈ ವಿದ್ಯೆ ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ ಟೇಬಲ್ ಮ್ಯಾನರ್ಸಿಗಿಂತಲೂ ಕಠಿಣವಾಯಿತು.

ಒಂದು ವರ್ಷ ತಡೆಯಲಾರದೆ ಅಕ್ಟೋಬರಿನಲ್ಲೂ ಅಕ್ಕಿ ತೊಳೆದ ನೀರು, ಫಿಲ್ಟರಿನಲ್ಲಿ ಉಳಿದ ಕಾಫಿಪುಡಿ, ಅಂಗಡಿಯ ರೋಸ್ ಫುಡ್ ಎಲ್ಲವನ್ನೂ ಬಡಿಸಿದೆ. ಕೃತಜ್ಞ ಗಿಡಗಳು ಹಸುಗೂಸಿನ ಬೆರಳಿನಂಥ ಕೆಂಪು ಚಿಗುರುಗಳನ್ನು ಚಾಚಿದವು. ಚಳಿಗೆ ಮೈ ಗಟ್ಟಿಮಾಡಿಕೊಳ್ಳಬೇಕಾದ ಹೊತ್ತಿನಲ್ಲಿ ಎಳೆತನಕ್ಕೆ ಮರಳಿದ ಅವುಗಳ ಮೇಲೆ ಮೊದಲ ಹಿಮ ಬಿದ್ದ ಬೆಳಿಗ್ಗೆ ನೋಡಿದರೆ ಅಷ್ಟೂ ಬೆರಳುಗಳು ಕರಕಲಾಗಿ ಬಾಗಿದ್ದವು. ಹೆಲೆನ್‌ಗೆ ಫೋನಿನಲ್ಲಿ ಹೇಳಿಕೊಂಡಾಗ ಆಕೆ ನಕ್ಕು, ವಾಲ್ಟರನಿಗೂ ಊಟ ಎಲ್ಲಿ ನಿಲ್ಲಿಸಬೇಕೆಂದು ತಿಳಿಯುತ್ತಿರಲಿಲ್ಲ ಎಂದಳು.

ಹೆಲೆನ್ ಯಾರೆಂದು ಹೇಳಬೇಕು. ಡೌನರ್ಸ್ ಗ್ರೋವಿನ ಈ ಮನೆಯನ್ನು ನಾವು ಕೊಂಡದ್ದು ಆಕೆಯಿಂದ. ಮನೆ ಬಿಟ್ಟುಹೋಗುವ ದಿನ ನನ್ನನ್ನು ಹಿತ್ತಿಲಿಗೆ ಕರೆದೊಯ್ದು, ಗೋಡೆಯ ಪಕ್ಕದ ಮೂರು ಗುಲಾಬಿ ಗಿಡಗಳ ಉಪಚಾರವನ್ನೆಲ್ಲ ವಿವರಿಸಿ, ಬಚ್ಚಲ ನಲ್ಲಿ ಸ್ವಲ್ಪ ಸೋರುತ್ತದೆ ಎನ್ನುವಷ್ಟೇ ಸಹಜವಾಗಿ, ನಡುವಿನ ಗಿಡದ ಬುಡದಲ್ಲಿ ತನ್ನ ಗಂಡ ವಾಲ್ಟರನ ಬೂದಿಯಿದೆ, ಅಲ್ಲಿ ಮಾತ್ರ ಆಳವಾಗಿ ಅಗೆಯಬೇಡ ಎಂದಳು. ಆಮೇಲೆ ಟ್ರಾಯ್ ಎಂಬ ಊರಿನಲ್ಲಿರುವ ಮಗಳು ಕ್ಯಾರನಳ ಮನೆಗೆ ಹೊರಟುಹೋದಳು.

ಬೂದಿ ನನಗೆ ಹೊಸದಲ್ಲ. ಕಾನ್ವೆಂಟಿನಲ್ಲಿ ವರ್ಷಕ್ಕೊಂದು ಬುಧವಾರ ಹಣೆಯಲ್ಲಿ ಬೂದಿಯ ಶಿಲುಬೆ ಹೊತ್ತು ಬರುತ್ತಿದ್ದ ಗೆಳತಿಯರನ್ನು ಕಂಡು, ನಮ್ಮಪ್ಪ ದಿನವೂ ಹಚ್ಚಿಕೊಳ್ಳುತ್ತಾರಲ್ಲ ಎಂದು ಬೀಗಿದವಳು ನಾನು. ಆದರೆ ಹೆಸರಿರುವ ಬೂದಿಯೊಂದು ಅಡುಗೆಮನೆಯ ಕಿಟಕಿಯಾಚೆ ನೆರೆಯವನಾಗಿರುವುದು ಬೇರೆ ಸಂಗತಿ. ಮಡಿವಂತರಾದ ನಮ್ಮವರು ನಡುವಿನ ಗಿಡದ ಹೂ ಹೂದಾನಿಗೆ, ಪಕ್ಕದ ಎರಡರದು ದೇವರಿಗೆ ಎಂದು ಗಡಿ ಗುರುತಿಸಿದರು. ಗುಲಾಬಿಗಳು ಒಪ್ಪಬೇಕಲ್ಲ? ಕೊಂಬೆಗಳು ಒಂದರೊಳಗೊಂದು ಹೆಣೆದುಕೊಂಡವು, ಮಣ್ಣಿನೊಳಗೆ ಬೇರುಗಳು ಯಾರ ಪಾಲನ್ನು ಯಾರು ಉಂಡವೋ. ಕ್ರಮೇಣ ಕೈಗೆ ಸಿಕ್ಕಿದ ಹೂ ದೇವರಿಗೆ ಹೋಯಿತು; ನಮ್ಮವರು ಕಂಡೂ ಕಾಣದಂತಿದ್ದರು.

ನವೆಂಬರಿನಲ್ಲಿ ಇಲ್ಲಿನ ಪದ್ಧತಿಯಂತೆ ಗಡಿಯಾರ ಒಂದು ಗಂಟೆ ಹಿಂದಕ್ಕೆ ತಿರುಗಿ, ಸಂಜೆಯ ಕಾಫಿಗೆ ಮೊದಲೇ ಕತ್ತಲು ಬಂದು ಬಾಗಿಲಲ್ಲಿ ನಿಲ್ಲುವ ದಿನಗಳಲ್ಲಿ, ಕೊಂಬೆಗಳನ್ನು ಮೊಣಕಾಲೆತ್ತರಕ್ಕೆ ಕತ್ತರಿಸಿ, ಬೇರೆ ಕಡೆಯಿಂದ ತಂದ ಮಣ್ಣನ್ನು ಬುಡಕ್ಕೆ ಗುಪ್ಪೆಯಾಗಿ ಸುರಿದು, ಮೇಲೆ ಓಕ್ ಎಲೆಗಳನ್ನು ಹೊದಿಸುತ್ತೇನೆ. ಆಗ ಮೂವರು ತಲೆತುಂಬ ಕಂಬಳಿ ಎಳೆದುಕೊಂಡು ಮಲಗಿದಂತೆ ಕಾಣುತ್ತದೆ. ಪಕ್ಕದವೆರಡೂ ಒಂದೊಂದು ಬಕೆಟ್ಟಿಗೆ ತೃಪ್ತವಾಗುತ್ತವೆ. ನಡುವಿನದು ಮಾತ್ರ, ಕೆಳಗೆ ಯಾರೋ ಮಗ್ಗುಲು ಬದಲಿಸಿದಂತೆ ಮೆಲ್ಲನೆ ಕುಸಿದು ಇನ್ನೊಂದು ಬಕೆಟ್ ಕೇಳುತ್ತದೆ. ಅಡಿಯಲ್ಲಿ ಕೊಳೆತ ಹಳೆಯ ಎಲೆ ಕುಗ್ಗುವುದು ಸಹಜವೆಂದು ನನ್ನ ವಿಜ್ಞಾನ ಹೇಳುತ್ತದೆ. ಆದರೂ ಕೈ ಝಾಡಿಸಿ ಏಳುವಾಗ "ಗುಡ್ ನೈಟ್, ವಾಲ್ಟರ್" ಎನ್ನದೆ ಒಳಗೆ ಬಂದವಳಲ್ಲ. ಉತ್ತರ ಬಂದಿಲ್ಲ, ಬಂದಿದ್ದರೆ ಈ ಪ್ರಬಂಧವನ್ನು ಬೇರೆ ಯಾರಾದರೂ ಬರೆಯಬೇಕಾಗುತ್ತಿತ್ತು.

ಪ್ರತಿವರ್ಷ ಆ ವಾರದಲ್ಲಿ ಹೆಲೆನ್ ಫೋನ್ ಮಾಡಿ, ವಾಲ್ಟರನನ್ನು ಮಲಗಿಸಿದೆಯಾ ಎಂದು ವಿಚಾರಿಸುತ್ತಿದ್ದಳು. ಈ ವರ್ಷವೂ ಫೋನ್ ಬಂತು; ಅದೇ ದನಿ, ಅದೇ ಪ್ರಶ್ನೆ. ಇನ್ನೂ ಇಲ್ಲ ಹೆಲೆನ್, ಎಂದೆ. ಆಮೇಲೆ ಅದೇ ದನಿ ತಾನು ಕ್ಯಾರನ್ ಎಂದೂ, ಅಮ್ಮ ತೀರಿಕೊಂಡಳೆಂದೂ ಹೇಳಿತು. ತನ್ನ ಬೂದಿಯನ್ನೂ ಅಪ್ಪನ ಜೊತೆಗೇ ಇಡಬೇಕೆಂಬುದು ಅಮ್ಮನ ಆಸೆ. ವಾರಾಂತ್ಯಕ್ಕೆ ನೆಲ ಹೆಪ್ಪುಗಟ್ಟುತ್ತದಂತೆ. ನೀವು ಒಪ್ಪದಿದ್ದರೆ ಆಕೆ ಚಳಿಗಾಲವೆಲ್ಲ ನನ್ನ ಬೇಸ್‌ಮೆಂಟಿನ ಶೆಲ್ಫಿನ ಮೇಲೆ ಒಬ್ಬಳೇ ಇರಬೇಕು, ಎಂದಳು.

ನಮ್ಮವರು ಪೇಪರಿನಿಂದ ತಲೆಯೆತ್ತಲಿಲ್ಲ. "ಒಬ್ಬನ್ನ ಇಟ್ಕೊಂಡಿದ್ದು ಸಾಲದೇನೇ? ದೇವರಿಗೆ ಇಡೋ ಹೂವು ಅದು. ಹಿತ್ತಿಲನ್ನೇ ಸ್ಮಶಾನ ಮಾಡ್ತೀಯಾ?"

"ಇಷ್ಟು ವರ್ಷ ದೇವರು ಬೇಡ ಅಂದಿದ್ದಾನೇನ್ರೀ?"

"ಅವನಿಗೆ ದಾಕ್ಷಿಣ್ಯ, ಅನ್ನಲ್ಲ."

ಶೆಲ್ಫಿನ ಮೇಲೆ ಒಬ್ಬಳೇ ಎಂಬ ಮಾತು ನನ್ನನ್ನು ಎರಡು ದಿನ ಬಿಡಲಿಲ್ಲ. ಕೊನೆಗೆ ಅವರು "ನಿನ್ನಿಷ್ಟ" ಎಂದರು. ನಮ್ಮ ಮನೆಯಲ್ಲಿ ಹಾಗೆಂದರೆ ಬೇಡವೆಂದು. ಗೊತ್ತಿದ್ದೇ ನಾನು ಕ್ಯಾರನಳಿಗೆ ಬಾ ಎಂದೆ.

ಶನಿವಾರ ಮಧ್ಯಾಹ್ನ ಅವಳ ಕಾರು ಬಂದು ನಿಂತಾಗ ಪಕ್ಕದ ಸೀಟಿನಲ್ಲಿ ರಟ್ಟಿನ ಡಬ್ಬಿಯೊಂದು ಸೀಟ್ ಬೆಲ್ಟ್ ಹಾಕಿಕೊಂಡು ನೆಟ್ಟಗೆ ಕುಳಿತಿತ್ತು. ಹೊತ್ತು ಇಳಿಯುತ್ತಿತ್ತು. ಮೇಲಿನ ಮಣ್ಣು ಆಗಲೇ ಗರಿಗರಿಯಾಗಿತ್ತು. ನಾನು ಮಂಡಿಯೂರಿ ಕೈಗುದ್ದಲಿಯಲ್ಲಿ ನಡುವಿನ ಗಿಡದ ಬುಡವನ್ನು ಬೇರಿಗೆ ತಾಗದಂತೆ ಬಿಡಿಸುತ್ತಿದ್ದಾಗ ಹಿಂದಿನ ಬಾಗಿಲು ತೆರೆಯಿತು. ಮಂಕಿಕ್ಯಾಪ್ ತೊಟ್ಟು ನಮ್ಮವರು ಬಂದು, ಮೀಟಿಂಗಿನ ಗಂಭೀರ ಇಂಗ್ಲಿಷಿನಲ್ಲಿ, ನಿನ್ನ ತಾಯಿ ಯಾವ ಮಗ್ಗುಲಲ್ಲಿ ಮಲಗುತ್ತಿದ್ದರು ಎಂದು ಕ್ಯಾರನಳನ್ನು ಕೇಳಿದರು.

ಎಡಕ್ಕೆ, ಎಂದಳು ಕ್ಯಾರನ್, ಎಲ್ಲರೂ ಕೇಳುವ ಪ್ರಶ್ನೆಯೆಂಬಂತೆ.

"ನಮ್ಮಲ್ಲೂ ಎಡಾನೇ ಕಣೇ," ಎಂದರು ನನಗೆ, ಶಾಸ್ತ್ರಾರ್ಥವೊಂದು ಬಗೆಹರಿದಂತೆ. ಆದರೆ ಎಡ ಎಂದರೆ ಯಾವ ಕಡೆಯಿಂದ ಎಡ? ಬೂದಿಗೆ ಮುಖ ಎತ್ತ? ಮೂವರೂ ಗಿಡವನ್ನು ನೋಡುತ್ತಾ ನಿಂತೆವು. ಅಪ್ಪ ಅಡುಗೆಮನೆಯ ಕಡೆಗೇ ತಿರುಗಿರುತ್ತಾರೆ, ರಾತ್ರಿಗೆ ಏನು ಊಟ ಎಂಬುದು ಯಾವಾಗಲೂ ಅವರಿಗೆ ಮೊದಲೇ ತಿಳಿಯಬೇಕಿತ್ತು, ಎಂದಳು ಕ್ಯಾರನ್.

ನಾನು ತಿರುಗಿ ಕಿಟಕಿಯನ್ನು ನೋಡಿದೆ. ಒಳಗೆ ದೀಪ ಉರಿಯುತ್ತಿತ್ತು. ಒಲೆ, ಕುಕ್ಕರು, ಒಗ್ಗರಣೆ ಡಬ್ಬಿ, ಸಿಂಕಿನೆದುರು ನಾನು ನಿಲ್ಲುವ ಜಾಗ, ಎಲ್ಲವೂ ನಾಟಕದ ರಂಗದಂತೆ ನಿಚ್ಚಳವಾಗಿ ಕಾಣುತ್ತಿದ್ದವು. ಇಷ್ಟು ವರ್ಷ ಅಲ್ಲಿ ನಿಂತು ನಾನು ಹೊರಗೆ ನೋಡುತ್ತಿದ್ದೇನೆಂದೇ ತಿಳಿದಿದ್ದೆ.

ಹೆಲೆನಳನ್ನು ಎಡಕ್ಕೇ ಇಟ್ಟೆವು. ಮೇಲೆ ಸುರಿದ ಮಣ್ಣು ಈ ಸಲ ಕುಸಿಯಲಿಲ್ಲ. ಒಂದೇ ಬಕೆಟ್ ಸಾಕಾಯಿತು. ಕ್ಯಾರನ್ ಚಹಾ ಕುಡಿದು, ಖಾಲಿ ಡಬ್ಬಿಗೂ ಬೆಲ್ಟ್ ಹಾಕಿ ಹೊರಟಳು. ನಾನು ಎಲೆ ಹೊದಿಸಿ ಮುಗಿಸುವಷ್ಟರಲ್ಲಿ ನಮ್ಮವರು ಕೊನೆಯ ಗಿಡದ ಬಳಿ ನಿಂತು ಚಪ್ಪಲಿಯ ತುದಿಯಿಂದ ನೆಲವನ್ನು ಒತ್ತಿ ನೋಡುತ್ತಿದ್ದರು.

"ಇಲ್ಲೂ ಜಾಗ ಇದೆ ಅಲ್ವೇನೇ?"

"ನಿಮಗೆ ಕಾವೇರೀನೇ ಆಗಬೇಕು ಅಂತಿದ್ರಿ."

"ಅಲ್ಲಿ ಅಡುಗೆ ಏನು ಅಂತ ಗೊತ್ತಾಗಲ್ಲ," ಎಂದು ಒಳಗೆ ಹೋದರು.

ಅಂದಿನಿಂದ ಸಂಜೆಯ ಹೊತ್ತು ಅಡುಗೆಮನೆಯ ಪರದೆ ಎಳೆಯುವುದನ್ನು ಬಿಟ್ಟಿದ್ದೇನೆ. ಆಗಸ್ಟ್ ಕಳೆದಿದೆ, ಬಡಿಸುವಂತಿಲ್ಲ. ಮುಚ್ಚಳ ತೆಗೆದಾಗ ಪಾತ್ರೆಯನ್ನು ಕಿಟಕಿಯ ಕಡೆಗೆ ತುಸು ವಾಲಿಸುತ್ತೇನೆ, ಅಷ್ಟೇ.