ಮೊದಲು ಅಮ್ಮಿಗೆ ಹೇಳಿ

ನಾನು ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವಳು. ಒಲೆಯ ಮೇಲೆ ಹಾಲಿಟ್ಟರೆ ಉಕ್ಕುವ ತನಕ ಎದುರಿಗೆ ನಿಲ್ಲಲಾರೆ. ಬಸ್ಸು ತಡವಾದರೆ ಮುಂದಿನ ಸ್ಟಾಪಿಗೆ ನಡೆದೇಬಿಡುತ್ತೇನೆ. ಅರ್ಧ ದಾರಿಯಲ್ಲಿ ಅದೇ ಬಸ್ಸು ನನ್ನ ಪಕ್ಕದಲ್ಲೇ ಹಾದುಹೋಗುತ್ತದೆ. 'ಆತುರಗಾರನಿಗೆ ಬುದ್ಧಿ ಮಟ್ಟ' ಎಂದು ನಮ್ಮಮ್ಮ ಬೈಯುತ್ತಿದ್ದದ್ದು ಸುಮ್ಮನೆ ಅಲ್ಲ. ಏನಾದರೂ ಕೆಟ್ಟರೆ ಕೂತು ಸರಿಮಾಡುವ ಸಹನೆ ನನಗಿಲ್ಲ. ಹೆಣಿಗೆಯಲ್ಲಿ ಒಂದು ಮನೆ ತಪ್ಪಿದರೆ ಇಡೀ ಸ್ವೆಟರ್ ಬಿಚ್ಚಿಹಾಕಿ ಮೊದಲಿಂದ ಶುರು ಮಾಡುವವಳು. ಹಾಗಾಗಿ ಇವತ್ತಿಗೂ ಒಂದೇ ಒಂದು ಸ್ವೆಟರ್ ಮುಗಿಸಿಲ್ಲ.

ಇಂಥವಳಿಗೆ ಪೈಥಾನ್ ಕಲಿಯುವ ಗ್ರಹಚಾರ ಬಂತು.

ದೊಡ್ಡನೆಕ್ಕುಂದಿಯಲ್ಲಿ ಯಂತ್ರದ ಬಿಡಿಭಾಗ ಮಾಡುವ ಕಂಪನಿಯೊಂದರಲ್ಲಿ ನನ್ನ ಕೆಲಸ. ಸೇರಿದ್ದು ಪ್ಯಾಕಿಂಗ್ ವಿಭಾಗಕ್ಕೆ. ಅಲ್ಲಿ ಕೂರುವಂತಿಲ್ಲ, ಶಿಫ್ಟು ಶುರುವಾದಾಗ ನಿಂತರೆ ಮುಗಿಯುವ ತನಕ ನಿಂತೇ ಇರಬೇಕು. ಸಂಜೆ ಮರ್ಫಿ ಟೌನಿನ ಮನೆಗೆ ಬರುವ ಹೊತ್ತಿಗೆ ಪಾದ ಊದಿಕೊಂಡು, ಮೀನಖಂಡದ ನರಗಳೆಲ್ಲ ಉಬ್ಬಿಕೊಂಡು, ಮೆಟ್ಟಿಲು ಹತ್ತುವುದೆಂದರೆ ಅಳು ಬರುತ್ತಿತ್ತು. ಹೇಗೋ ಎಕ್ಸೆಲ್ ಕಲಿತು ಸ್ಟೋರ್ಸ್ ಆಫೀಸಿಗೆ ಬಂದೆ, ಕುರ್ಚಿ ಸಿಕ್ಕಿತು. ಗಾಲಿಯ ಮೇಲೆ ಉರುಳುವ ಆಫೀಸು ಕುರ್ಚಿ, ಒಂದು ಕಡೆಯ ಕೈ ಮುರಿದಿತ್ತು. ನನಗೆ ಅದೇ ಸಿಂಹಾಸನ.

ಒಂದು ದಿನ ಮ್ಯಾನೇಜರ್ ಕರೆದು, ಇನ್ನು ಮುಂದೆ ಸ್ಟಾಕಿನ ಲೆಕ್ಕವನ್ನೆಲ್ಲ ಪೈಥಾನ್ ಅನ್ನೋ ಕಂಪ್ಯೂಟರ್ ಭಾಷೆಯಲ್ಲೇ ಮಾಡಬೇಕಂತೆ, ಹೆಡ್ ಆಫೀಸಿನವರು ಬಂದು ಪರೀಕ್ಷೆ ಇಡುತ್ತಾರಂತೆ ಎಂದರು. "ಪಾಸಾದ್ರೆ ಇಲ್ಲೇ ಇರ್ತೀರಿ. ಇಲ್ಲಾಂದ್ರೆ ಪ್ಯಾಕಿಂಗ್‌ಗೆ ವಾಪಸ್. ನನ್ ಕೈಲಿ ಏನೂ ಇಲ್ಲ ಮೇಡಂ."

ಅವತ್ತು ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ನನಗೆ ಕೂರಲಾಗಲಿಲ್ಲ. ಮತ್ತೆ ನಿಲ್ಲುವುದೇ? ಈ ವಯಸ್ಸಿನಲ್ಲಿ?

ಶಿವಾಜಿನಗರದ ಒಂದು ಗಲ್ಲಿಯಲ್ಲಿ, ಸೂಟ್‌ಕೇಸ್ ಅಂಗಡಿಯ ಮೇಲಿನ ಮನೆಯಲ್ಲಿ, ಭಾನುವಾರ ಹೊಸಬರಿಗೆ ಪುಕ್ಕಟೆಯಾಗಿ ಪೈಥಾನ್ ಹೇಳಿಕೊಡುತ್ತಾರೆಂದು ಪಕ್ಕದ ಮನೆಯಾಕೆ ಹೇಳಿದಳು. ಹೋದೆ. ಕಲಿಸುವಾಕೆ ಆ ಅಂಗಡಿಯವರ ಮಗಳು, ಇಂಜಿನಿಯರ್. ನನಗಿಂತ ಎಷ್ಟೋ ಚಿಕ್ಕವಳು. ಆದರೂ ಎಲ್ಲರ ಹಾಗೆ ನಾನೂ ಮೇಡಂ ಎಂದೇ ಕರೆದೆ. ಕಲಿಯುವವರಲ್ಲಿ ಮುಕ್ಕಾಲು ಪಾಲು ಕಾಲೇಜಿನವರು. ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಟಪಟಪ ಬಡಿಯುತ್ತಿದ್ದರು.

ಮೊದಲನೆಯ ಭಾನುವಾರವೇ ನನ್ನ ತಲೆ ಕೆಟ್ಟು ಮೊಸರುಗಡಿಗೆಯಾಯಿತು. ಬೆಳಿಗ್ಗೆ ಬಂದ ಪೆಟ್ಟಿಗೆ ಎಷ್ಟು, ಮಧ್ಯಾಹ್ನ ಬಂದದ್ದೆಷ್ಟು, ಕೂಡಿಸು ಎಂದು ಬರೆದಿದ್ದೆ. ಹನ್ನೆರಡು ಕೊಟ್ಟೆ, ಎಂಟು ಕೊಟ್ಟೆ. ಹಾಳಾದ್ದು ನೂರಾ ಇಪ್ಪತ್ತೆಂಟು ಎಂದಿತು! ಎಲ್ಲ ಅಳಿಸಿ ಮತ್ತೆ ಬರೆದೆ. ಮತ್ತೂ ನೂರಾ ಇಪ್ಪತ್ತೆಂಟು.

"ಮೇಡಂ, ಇದು ಕೆಟ್ಟೋಗಿದೆ. ಸ್ವಲ್ಪ ಸರಿ ಮಾಡ್ಕೊಡಿ," ಎಂದು ಲ್ಯಾಪ್‌ಟಾಪ್ ಅವಳ ಮುಂದೆ ಚಾಚಿದೆ.

ಅವಳು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು. "ನಾನು ಯಾರ ಕೀಬೋರ್ಡೂ ಮುಟ್ಟಲ್ಲ ಅಕ್ಕಾ. ಅಮ್ಮಿಗೆ ಹೇಳಿದ್ರಾ?"

ಅಮ್ಮಿ ಅಂದರೆ ಅವಳ ತಾಯಿ. ಬಾಗಿಲ ಪಕ್ಕ ಮಣೆಯ ಮೇಲೆ ಕೂತು, ಮುಂದೆ ಬಟ್ಟಲಿಟ್ಟುಕೊಂಡು ಬೆಳ್ಳುಳ್ಳಿ ಸುಲಿಯುತ್ತಿದ್ದ ಮುದುಕಿ. ಆ ಮನೆಯ ಕಟ್ಟಳೆಯೇ ಅದು: ಪ್ರಶ್ನೆ ಇದ್ದವರು ಮೊದಲು ಅಮ್ಮಿಯ ಮುಂದೆ ಕೂತು, ತಾವು ಬರೆದದ್ದನ್ನು ಒಂದೊಂದೇ ಸಾಲು ಬಾಯಿಬಿಟ್ಟು ಹೇಳಬೇಕು. ಅದಾದ ಮೇಲೂ ಗೊತ್ತಾಗದಿದ್ದರೆ ಮೇಡಂ ಹತ್ತಿರ ಬರಬೇಕು. ಅಮ್ಮಿಗೆ ಕಂಪ್ಯೂಟರಿನ ಗಂಧಗಾಳಿ ಇಲ್ಲ. ಮನೆಮಾತು ದಖನಿ ಉರ್ದು, ಕನ್ನಡ ಅಷ್ಟಕ್ಕಷ್ಟೆ. ಕಿವಿಯಾದರೂ ನೆಟ್ಟಗೆ ಕೇಳಿಸುತ್ತದೋ ಇಲ್ಲವೋ ದೇವರೇ ಬಲ್ಲ.

ನನಗೆ ಮೈಯೆಲ್ಲ ಉರಿದುಹೋಯಿತು. ಇಷ್ಟು ದೂರ ಬಂದದ್ದು ಬೆಳ್ಳುಳ್ಳಿ ಸುಲಿಯುವವರಿಗೆ ಹರಿಕಥೆ ಹೇಳುವುದಕ್ಕಾ? ಆದರೂ ಹೋಗಿ ಕೂತೆ. "ನೋಡಿ ಅಮ್ಮಿ, ಮೊದಲ್ನೇ ಲೈನಲ್ಲಿ ಬೆಳಿಗ್ಗೆದು ಕೇಳ್ದೆ."

"ಫಿರ್?" ಎಂದರು ಅಮ್ಮಿ. ಆಮೇಲೆ, ಎಂದು. ಕಣ್ಣು ಬೆಳ್ಳುಳ್ಳಿಯ ಮೇಲೇ ಇತ್ತು.

"ಆಮೇಲೆ ಮಧ್ಯಾಹ್ನದ್ದು ಕೇಳ್ದೆ."

"ಫಿರ್?"

"ಆಮೇಲೆ ಹನ್ನೆರಡನ್ನೂ ಎಂಟನ್ನೂ ಪಕ್ಕಪಕ್ಕ..." ಎಂದವಳು ನಿಂತುಬಿಟ್ಟೆ. ಒಂದು, ಎರಡು, ಎಂಟು. ಅದು ಕೂಡಿಸಿಯೇ ಇಲ್ಲ, ಪಕ್ಕಪಕ್ಕ ಅಂಟಿಸಿದೆ! ಓಡಿಬಂದು ಕೇಳಿದಾಗ ಮೇಡಂ ನಕ್ಕಳು. ಎಕ್ಸೆಲ್ ಮಾಡಿ ಮಾಡಿ ಬಂದವರೆಲ್ಲ ಎಡವುವುದು ಇಲ್ಲೇ ಅಂತೆ. ಅಲ್ಲಿ ಅಂಕಿ ಒತ್ತಿದರೆ ಅದು ಅಂಕಿಯೇ. ಇಲ್ಲಿ ನಾವು ಒತ್ತಿದ್ದೆಲ್ಲ ಬರೀ ಅಕ್ಷರವಾಗಿ ಒಳಗೆ ಹೋಗುತ್ತದೆ. ಇದನ್ನು ಸಂಖ್ಯೆ ಎಂದು ತಿಳಿ ಎಂದು ನಾವೇ ಹೇಳಬೇಕು. ಹೇಳಿದೆ. ಇಪ್ಪತ್ತು ಬಂತು. ಆ ಇಪ್ಪತ್ತನ್ನು ನೋಡಿ ಆದ ಖುಷಿ ಸಂಬಳ ಬಂದಾಗಲೂ ಆಗಿರಲಿಲ್ಲ.

ಹಾಗೆಂದು ನನ್ನ ಚಡಪಡಿಕೆ ಹೋಗಲಿಲ್ಲ. ಪರೀಕ್ಷೆ ಹತ್ತಿರ ಬಂದ ಹಾಗೆಲ್ಲ ಹೆಚ್ಚಾಯಿತು. ಪರದೆಯ ಮೇಲೆ ತಪ್ಪಾಗಿದೆ ಎನ್ನುವ ಕೆಂಪು ಅಕ್ಷರ ಬಂದರೆ ಓದುವುದೇ ಇಲ್ಲ, ಬೈಸಿಕೊಂಡವಳಂತೆ ಎಲ್ಲ ಅಳಿಸಿಬಿಡುತ್ತಿದ್ದೆ. "ಮತ್ತೆ ಅಳಿಸ್ಬಿಟ್ರಾ?" ಮೇಡಂ ಹಣೆ ಚಚ್ಚಿಕೊಳ್ಳುತ್ತಿದ್ದಳು. "ಅಕ್ಕಾ, ತಪ್ಪೂ ಅದ್ರಲ್ಲೇ ಇತ್ತಲ್ಲ! ಅದನ್ನೇ ಎಸೆದ್ರೆ ನಾನೆಲ್ಲಿ ಹುಡುಕ್ಲಿ?"

ಅಮ್ಮಿಯ ಮುಂದೆ ಕೂತಾಗ ನನ್ನ ಬಾಯಿಗೆ ಬೀಗವಿರಲಿಲ್ಲ. ಪ್ರೋಗ್ರಾಂ ಹೇಳುತ್ತ ಹೇಳುತ್ತ ಮ್ಯಾನೇಜರನ್ನು ಬೈದೆ, ಹೆಡ್ ಆಫೀಸನ್ನು ಶಪಿಸಿದೆ. ಒಂದು ಸಲವಂತೂ ಸೀರೆ ಮೇಲೆತ್ತಿ ಮೀನಖಂಡವನ್ನೇ ತೋರಿಸಿದೆ. "ನೋಡಿ ಅಮ್ಮಿ, ನಿಂತೂ ನಿಂತೂ ಹಿಂಗಾಗಿದೆ. ಫೇಲಾದ್ರೆ ಮತ್ತೆ ನಿಲ್ಲಿಸ್ತಾರೆ. ನನ್ ಕೈಲಿ ಆಗಲ್ಲ."

"ಫಿರ್?" ಎಂದರು, ಇನ್ನೊಂದು ಎಸಳು ಬಟ್ಟಲಿಗೆ ಹಾಕುತ್ತ. ಗೋಡೆಗೆ ಹೇಳುವುದೂ ಇವರಿಗೆ ಹೇಳುವುದೂ ಒಂದೇ ಅನ್ನಿಸಿ ಮತ್ತೆ ಪ್ರೋಗ್ರಾಮಿಗೆ ಬಂದೆ.

ಪರೀಕ್ಷೆಯ ದಿನ ಮೀಟಿಂಗ್ ರೂಮಿನಲ್ಲಿ ನಮ್ಮನ್ನೆಲ್ಲ ದೂರ ದೂರ ಕೂರಿಸಿದರು. ದಿನದಿನವೂ ವಾಪಸ್ ಬಂದ ಮಾಲಿನ ಸಂಖ್ಯೆ ಕೊಟ್ಟಿದ್ದರು. ತಿಂಗಳ ಮೊತ್ತ ತೆಗೆಯಬೇಕು. ಇಷ್ಟೇನಾ ಎಂದು ಚಕಚಕ ಬರೆದು ಓಡಿಸಿದೆ. ಮೊತ್ತ ಏಳು ಎಂದಿತು. ಏಳು ಕೊನೆಯ ದಿನದ್ದು ಮಾತ್ರ. ಉಳಿದದ್ದೆಲ್ಲ ಎಲ್ಲಿ ಹೋಯಿತು? ಮತ್ತೆ ಓಡಿಸಿದೆ. ಏಳು. ಮೇಲ್ವಿಚಾರಣೆಗೆ ಬಂದಿದ್ದವರು ಇನ್ನು ಸ್ವಲ್ಪವೇ ಹೊತ್ತು ಇದೆ ಎಂದರು. ಪ್ಯಾಕಿಂಗ್ ಹಾಲಿನ ಸಿಮೆಂಟು ನೆಲದ ತಂಪು ಆಗಲೇ ಅಂಗಾಲಿಗೆ ಹತ್ತಿದಂತಾಯಿತು. ಬರೆದದ್ದನ್ನೆಲ್ಲ ಒಟ್ಟಿಗೆ ಆಯ್ದು ಅಳಿಸುವ ಗುಂಡಿಯ ಮೇಲೆ ಬೆರಳಿಟ್ಟೆ.

ಅಮ್ಮಿಗೆ ಹೇಳಿದ್ರಾ?

ಬೆರಳು ತೆಗೆದೆ. "ಮೊತ್ತ ಹಾಕಿಡೋಕೆ ಒಂದು ಖಾಲಿ ಬಟ್ಟಲು ತಗೊಂಡೆ ಅಮ್ಮಿ," ಎಂದು ಶುರು ಮಾಡಿದೆ. ಗಟ್ಟಿಯಾಗಿಯೇ ಹೇಳಿದ್ದೆನೆಂದು ಕಾಣುತ್ತದೆ.

"ಮೇಡಂ, ಮಾತಾಡ್ಬೇಡಿ," ಎಂದು ಮೇಲ್ವಿಚಾರಕರು ನನ್ನನ್ನು ಗದರಿಸಿದರು.

"ಸಾರಿ ಸರ್." ತುಟಿ ಮುಚ್ಚಿ ಬಾಯೊಳಗೇ ಹೇಳಿಕೊಂಡೆ. ಪ್ರತಿ ದಿನಕ್ಕೂ ಹೀಗೆ ಮಾಡು ಅಂದೆ. ಫಿರ್? ಖಾಲಿ ಬಟ್ಟಲು ತಗೋ ಅಂದೆ. ಫಿರ್? ಅವತ್ತಿನದನ್ನು ಅದಕ್ಕೆ ಹಾಕು ಅಂದೆ. ಫಿರ್? ಮಾರನೇ ದಿನ ಮತ್ತೆ ಖಾಲಿ ಬಟ್ಟಲು...

ಅಯ್ಯೋ ಶಿವನೇ! ದಿನಕ್ಕೊಂದು ಸಲ ಬಟ್ಟಲು ಬರಿದು ಮಾಡುತ್ತಿದೆ. ಹಾಕಿದ್ದೆಲ್ಲ ಚೆಲ್ಲಿ ಮತ್ತೆ ಮೊದಲಿಂದ. ಯಾರ ಬುದ್ಧಿ ಇದು, ನನ್ನದೇ ಅಲ್ಲವೇ! ಖಾಲಿ ಬಟ್ಟಲಿನ ಆ ಒಂದು ಸಾಲನ್ನು ಮೇಲಕ್ಕೆ, ದಿನಗಳು ಶುರುವಾಗುವ ಮೊದಲೇ ಇಟ್ಟೆ. ಬೇರೇನನ್ನೂ ಮುಟ್ಟಲಿಲ್ಲ. ಓಡಿಸಿದೆ. ಪೂರಾ ಮೊತ್ತ ಬಂತು.

ಆ ವಾರವೇ ಮ್ಯಾನೇಜರ್ ನನ್ನ ಟೇಬಲ್ಲಿನ ಹತ್ತಿರ ಬಂದು, "ಇಲ್ಲೇ ಇರ್ತೀರಿ ಮೇಡಂ," ಎಂದರು. ನಾನು ಕುರ್ಚಿಯ ಮುರಿಯದ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡೆ.

ಭಾನುವಾರ ಶಿವಾಜಿನಗರದ ಆ ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತಿದೆ. ಮೇಡಂ ಯಾರ ಜೊತೆಗೋ ಮಾತಾಡುತ್ತಿದ್ದಳು. ಸೀದಾ ಬಾಗಿಲ ಪಕ್ಕದ ಮಣೆಯ ಹತ್ತಿರ ಹೋಗಿ, ನಿಂತಲ್ಲಿಂದಲೇ ಉಸಿರು ಬಿಡದೆ ಎಲ್ಲ ಹೇಳಿದೆ: ಏಳು ಬಂದದ್ದು, ಅಳಿಸಲು ಹೊರಟದ್ದು, ಬಟ್ಟಲು, ಬೈಸಿಕೊಂಡದ್ದು. "ಪಾಸಾದೆ ಅಮ್ಮಿ!" ಎಂದು ಮುಗಿಸಿ, ಇನ್ನು 'ಫಿರ್' ಎನ್ನುತ್ತಾರೆ, ಏನು ಹೇಳಲಿ ಎಂದು ನಗುತ್ತ ಕಾದೆ.

ಅಮ್ಮಿ ಬೆಳ್ಳುಳ್ಳಿ ಕೆಳಗಿಟ್ಟರು. ಮೊದಲ ಸಲ ತಲೆಯೆತ್ತಿ ನನ್ನ ಮುಖ ನೋಡಿದರು. ಆಮೇಲೆ ನನ್ನ ಕಾಲು ನೋಡಿದರು.

"ಇನ್ನು ನಿಂತ್ಕೊಳ್ಳೋ ಕೆಲ್ಸ ಇಲ್ಲ, ಅಲ್ವಾ ಬೇಟಿ?"

ನನಗೆ ಅಳು ತಡೆಯಲಾಗಲಿಲ್ಲ. ಅಮ್ಮಿ ಪಕ್ಕಕ್ಕೆ ಸರಿದು ಮಣೆಯ ಮೇಲೆ ಜಾಗ ಮಾಡಿದರು. ನಾನು ಕೂತೆ.